ತೈವಾನಿನ ಬಿಸಿನೀರು

ಅಮ್ಮನೂ ನಾನೂ ಅಡುಗೆಮನೆಯ ನೆಲದಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದೆವು. ನಾರು ಬಂದರೆ ಎಳೆದು ಪೇಪರಿಗೆ, ತುಂಡು ಬಟ್ಟಲಿಗೆ. ಹೊರಗೆ ನಮ್ಮ ಬಡಾವಣೆ ಬುಕಿತ್ ಪಂಜಾಂಗಿನ ಪುಟ್ಟ ರೈಲು ಹಾದುಹೋಯಿತು. ನಮ್ಮ ಬ್ಲಾಕಿನ ಹತ್ತಿರ ಬಂದಾಗ ಅದರ ಗಾಜು ತಾನಾಗಿ ಮಸುಕಾಗುತ್ತದೆ, ಯಾರೂ ಮನೆಯೊಳಗೆ ಇಣುಕದಂತೆ.

ಹಾಲಿನಲ್ಲಿ ಬಾವ ನವನೀತ್ ಜೂನ್ ರಜೆಯ ಪ್ಲ್ಯಾನ್ ಹಾಕುತ್ತಿದ್ದರು. ತೈವಾನಿನ ಯಾಂಗ್‌ಮಿಂಗ್‌ಶಾನ್ ನ್ಯಾಷನಲ್ ಪಾರ್ಕ್. ನೆಲದಿಂದ ಹೊಗೆ ಏಳುವ ಗುಡ್ಡ, ಗಂಧಕದ ಹಳದಿ ಕಲ್ಲು, ಆಮೇಲೆ ಬಿಸಿನೀರಿನ ಕೊಳ. ಬಾವ ಮೈಸೂರಿನವರು. ಬಸ್ಸಿನ ಸಮಯವನ್ನೂ ಎಕ್ಸೆಲಿನಲ್ಲಿ ಬರೆಯುವವರು.

ಎಲ್ಲಿಗೂ ಬರುವುದಿಲ್ಲ ಎನ್ನುತ್ತಿದ್ದ ಅಮ್ಮ ಒಪ್ಪಿದ್ದು ಆ ಕೊಳಕ್ಕಾಗಿ. ಪುತ್ತೂರಿನಿಂದಾಚೆ, ನಮ್ಮ ಕಡೆ, ಬೆಂದ್ರ್ ತೀರ್ಥ ಇದೆ. ಬಿಸಿನೀರಿನ ಬುಗ್ಗೆ. ಹೊಸದಾಗಿ ಮದುವೆಯಾದವರು ಅಮಾವಾಸ್ಯೆಯಂದು ಅಲ್ಲಿ ಮುಳುಗುವುದು ರೂಢಿ. ಅಪ್ಪನ ಕೈ ಹಿಡಿದು ಅಮ್ಮ ಮೂರು ಸಲ ಮುಳುಗಿದ್ದಳು. ಮೆಟ್ಟಿಲು ಜಾರುತ್ತದೆ ಎಂದು ಕೈ ಹಿಡಿದ ಅಪ್ಪನೇ ಮೊದಲು ಜಾರಿದರಂತೆ. ನಾನು ಸಣ್ಣವಳಿದ್ದಾಗ ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ಉಗುರುಬೆಚ್ಚಗಿನ ನೀರು, ಸುಟ್ಟ ಬೆಂಕಿಕಡ್ಡಿಯ ವಾಸನೆ, ನನ್ನ ತಲೆ ಒರೆಸುವ ಅಪ್ಪನ ಒದ್ದೆ ಬೈರಾಸು. “ಇನ್ನೊಮ್ಮೆ ಹೋಗುವ” ಎಂದು ಅಪ್ಪ ಪ್ರತಿ ವರ್ಷ ಅಮ್ಮನಿಗೆ ಹೇಳುತ್ತಿದ್ದರು. ಅವರು ಹಾಸಿಗೆ ಹಿಡಿದ ವರ್ಷ ನಾನು ಒಂಬತ್ತನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಅವರು ಹೋದ ಮೇಲೆ ಅಕ್ಕ ಜ್ಯೋತ್ಸ್ನಾ ನಮ್ಮಿಬ್ಬರನ್ನೂ ಈ ದೂರದ ದೇಶಕ್ಕೆ, ತನ್ನ ಮನೆಗೆ ಕರೆಸಿಕೊಂಡಳು.

ಅಲಸಂಡೆ ಮುಗಿಸಿ ಅಮ್ಮ ಹಾಲಿಗೆ ಬಂದಳು.

“ನೋಡಿ, ಆ ಕೊಳಕ್ಕೆ ನೂಲಿನ ಸೀರೆ ಆಗ್ತದಲ್ಲ? ಎರಡು ಹಿಡ್ಕೊಳ್ತೇನೆ,” ಎಂದು ಬಾವನಿಗೆ ಹೇಳಿದಳು.

“ಒಂದೇ ಸಾಕು ಅತ್ತೆ, ಲಗೇಜ್ ಜಾಸ್ತಿಯಾಗುತ್ತೆ.” ಬಾವ ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ.

“ಸೀರೇಲಿ ಯಾರು ಸ್ವಿಮ್ ಮಾಡ್ತಾರೆ ಅಜ್ಜಿ? ಸ್ವಿಮ್‌ಸೂಟ್ ಹಾಕ್ಕೋ ಲಾ,” ಇಲ್ಲಿಯವರಂತೆ ಕೊನೆಗೊಂದು ‘ಲಾ’ ಸೇರಿಸಿ ಅಂದಳು ಅಕ್ಕನ ಮಗಳು ಅಮೂಲ್ಯಾ.

“ನಿನ್ನದು ನನ್ನ ಒಂದು ಕೈಗೂ ಹೋಗ್ಲಿಕ್ಕಿಲ್ಲ ಮಾರಾಯ್ತಿ.”

ಅಮೂಲ್ಯಾ ನಕ್ಕಳು, ಬಾವನೂ ನಕ್ಕರು. ಅಕ್ಕ ನಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಬೆಳಿಗ್ಗೆ ಟೇಬಲ್ ಒರೆಸುವಾಗ ಲ್ಯಾಪ್‌ಟಾಪಿನಲ್ಲಿ ಆ ಕೊಳದ ಪುಟ ತೆರೆದಿತ್ತು. ಇಂಗ್ಲಿಷನ್ನು ನಾನು ಅಕ್ಷರ ಕೂಡಿಸಿಕೊಂಡು ಓದುವವಳು, ಆದರೆ ಅಲ್ಲಿದ್ದ ಚಿತ್ರಕ್ಕೆ ಇಂಗ್ಲಿಷ್ ಬೇಕಿರಲಿಲ್ಲ. ಈಜುವ ಬಟ್ಟೆಯ ಮೇಲೆ ಕೆಂಪು ಗೆರೆ. ಹೆಂಗಸರ ಕೊಳ ಬೇರೆಯೇ, ಆದರೆ ಮೈಮೇಲೆ ಏನೂ ಇರಬಾರದು. ಅಕ್ಕ ಹಿಂದಿನಿಂದ ಬಂದು ಲ್ಯಾಪ್‌ಟಾಪ್ ಮುಚ್ಚಿದಳು. “ಅಮ್ಮಂಗೆ ಹೇಳ್ಬೇಡ. ಈಗ್ಲೇ ಹೇಳಿದ್ರೆ ಬರೋದೇ ಇಲ್ಲ. ಅಲ್ಲಿಗೆ ಹೋದ್ಮೇಲೆ ನೋಡ್ಕೊಳ್ಳೋಣ.”

ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಅಮ್ಮ ಒಳಗಿನಿಂದ ಎರಡು ಸೀರೆ ತಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡತೊಡಗಿದಳು. “ತೆಳ್ಳಗಿನದು ಬೇಡ. ಒದ್ದೆಯಾದ್ರೆ ಮೈ ಕಾಣ್ತದೆ.”

“ಅಲ್ಲಿ ಸೀರೆ ಉಡುವ ಹಾಗಿಲ್ಲ ಅಮ್ಮ,” ಎಂದೆ. “ಏನೂ ಉಡುವ ಹಾಗಿಲ್ಲ.”

ಬಾವನ ಕಿವಿ ಕೆಂಪಾಯಿತು. “ಕಾಲು ಇಳಿಬಿಡೋಕೆ ಬೇರೆ ಜಾಗ ಇದೆ ಅತ್ತೆ. ಬಟ್ಟೆ ಹಾಕ್ಕೊಂಡೇ ಕೂರ್ಬೋದು.”

“ತೀರ್ಥ ಮೊದಲು ತಲೆಗಲ್ಲವಾ? ಕಾಲು ಅದ್ದಿ ಬಂದೆ ಅಂತ ಇವರಿಗೆ ಹೇಗೆ ಹೇಳುವುದು?” ಅಮ್ಮ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದಳು.

“ಅದು ತೀರ್ಥ ಅಲ್ಲಮ್ಮ, ಪಾರ್ಕು,” ಅಂದಳು ಅಕ್ಕ.

“ಗೊತ್ತುಂಟು. ಬಿಸಿನೀರು ಎಲ್ಲಾದರೂ ಒಂದೇ ಅಂತ ಗ್ರಹಿಸಿದೆ.”

ಅವಳು ಸೀರೆಗಳನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಟಿಕೆಟ್ ಇನ್ನೂ ಬುಕ್ ಆಗಿರಲಿಲ್ಲ. ಐದು ಹೆಸರು ತುಂಬಿದ ಪುಟ ಸ್ಕ್ರೀನಿನಲ್ಲಿ ಹಾಗೇ ಇತ್ತು.

“ಬಾವ,” ಎಂದೆ, “ನನ್ನದೂ ಅಮ್ಮನದೂ ಹೆಸರು ತೆಗೆಯಿರಿ. ನಮಗಿಬ್ಬರಿಗೆ ಮಂಗಳೂರಿಗೆ ಟಿಕೆಟ್ ಮಾಡಿಕೊಡಿ, ಬೆಂದ್ರ್ ತೀರ್ಥಕ್ಕೆ ಹೋಗಿ ಬರುತ್ತೇವೆ.”

ಬಾವ ಅಕ್ಕನ ಮುಖ ನೋಡಿದರು. ಅಕ್ಕ ಸ್ಕ್ರೀನ್ ನೋಡುತ್ತಿದ್ದಳು.