ಬಲಗಡೆಯ ತೊರೆ

ಗುಮ್ಮಟದ ಥಿಯೇಟರಿನಲ್ಲಿ ನಾನು ಪರದೆ ನೋಡುವುದಿಲ್ಲ, ಮಕ್ಕಳ ತಲೆ ನೋಡುತ್ತೇನೆ. ವಿಜ್ಞಾನ ಕೇಂದ್ರಕ್ಕೆ ಪಾಠ ಬರೆಯುವವಳೂ ನಾನೇ, ಹೊಸ ಪಾಠದ ಪರೀಕ್ಷೆಯ ದಿನ ಹಿಂದಿನ ಸಾಲಿನಲ್ಲಿ ಕೂತು ವರದಿ ಬರೆಯುವವಳೂ ನಾನೇ. ಸುತ್ತಲೂ, ಮೇಲೂ ಚಿತ್ರವೇ ತುಂಬಿರುವಾಗ ಎಲ್ಲಿ ನೋಡಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಅದಕ್ಕೆ ಚಿತ್ರಕ್ಕಿಂತ ಒಂದು ಕ್ಷಣ ಮೊದಲು ಆ ಕಡೆಯಿಂದ ಸದ್ದು ಬರಬೇಕು. ಸದ್ದು ಕರೆದತ್ತ ನಲವತ್ತು ತಲೆಗಳೂ ಒಟ್ಟಿಗೆ ಹೊರಳಿದರೆ ಪಾಠ ಗೆದ್ದಂತೆ.

ಸದ್ದು ಹೊಂದಿಸುವವಳು ನನ್ನ ಅಕ್ಕ. ಹದಿನೆಂಟು ವರ್ಷಗಳಲ್ಲಿ ಅವಳ ಸದ್ದಿಗೆ ಒಂದು ತಲೆಯೂ ತಪ್ಪು ಕಡೆ ಹೊರಳಿದ್ದಿಲ್ಲ.

ಆ ದಿನದ ಪಾಠ, ಕತ್ತಲಲ್ಲಿ ಬಾವಲಿ ದಾರಿ ಕಂಡುಕೊಳ್ಳುವ ಬಗೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿ ತಲುಪುತ್ತದೆ, ಆ ವ್ಯತ್ಯಾಸದಿಂದಲೇ ದಿಕ್ಕು ಗೊತ್ತಾಗುತ್ತದೆ ಎಂದು ಬರೆದಿದ್ದೆ. ಬಾವಲಿ ಎಡಗಡೆಯಿಂದ ಹಾರಿ ಬರಬೇಕಿತ್ತು. ಬಂತು ಕೂಡ. ಆದರೆ ಮಕ್ಕಳೆಲ್ಲ ಬಲಗಡೆ ನೋಡುತ್ತಿದ್ದರು. ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯಬೇಕಾದ ತೊರೆ ಅಲ್ಲಿ ಭೋರ್ಗರೆಯುತ್ತಿತ್ತು. ದೀಪ ಹಾಕಿದ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಬಾವಲಿ ಬರ್ಲೇ ಇಲ್ವಲ್ಲ?"

ಪ್ರೊಜೆಕ್ಟರ್ ನೋಡಿಕೊಳ್ಳುವವರು, ಬಾವಲಿ ಇವತ್ತು ರಜೆ ಹಾಕಿದೆ ಮರಿ ಎಂದು ನಗಿಸಿ ಕಳಿಸಿದರು. ಆಮೇಲೆ ಸ್ಪೀಕರುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿದ್ದವು.

ನಾನು ಕುರ್ಚಿಯಿಂದ ಏಳಲಿಲ್ಲ. ಎರಡು ತಿಂಗಳಿಂದ ಅಕ್ಕ ರಸ್ತೆಯಲ್ಲಿ ಜೊತೆಗೆ ನಡೆಯುವಾಗ ಸುತ್ತಿಕೊಂಡು ಬಂದು ನನ್ನ ಬಲಕ್ಕೇ ಸೇರಿಕೊಳ್ಳುತ್ತಿದ್ದಳು. ಫೋನನ್ನು ಎಡಗಿವಿಗೇ ಹಿಡಿಯುತ್ತಿದ್ದಳು. ಕೆಲವು ಸಲ ಕರೆದರೆ ಓಗೊಡುತ್ತಿರಲಿಲ್ಲ. ಅಪ್ಪ ಯಾರ ಮನೆಯಲ್ಲಿರಬೇಕು ಎಂಬುದರ ಬಗ್ಗೆ ನಮ್ಮಿಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಇದು ಅದರದೇ ಮುನಿಸು ಎಂದುಕೊಂಡು ನಾನೂ ಮುಖ ಗಂಟಿಕ್ಕಿಕೊಂಡು ಓಡಾಡಿದ್ದೆ. ಒಮ್ಮೆ ಬೇಕೆಂದೇ ಉತ್ತರ ಕೊಡದೆ ಎದ್ದುಹೋಗಿದ್ದೆ.

ಮಿಕ್ಸಿಂಗ್ ಕೋಣೆಯಲ್ಲಿ ಅಕ್ಕ ಬೆನ್ನು ಹಾಕಿ ಕೂತಿದ್ದಳು, ಹೆಡ್‌ಫೋನ್ ಮೇಜಿನ ಮೇಲಿತ್ತು. ಅವಳ ಬಲ ಭುಜದ ಬಳಿ ಬಗ್ಗಿ ಪಿಸುದನಿಯಲ್ಲಿ ಕೇಳಿದೆ.

"ಅಕ್ಕ, ನನ್ನ ಮೇಲೆ ಕೋಪಾನಾ?"

ಅವಳು ಪರದೆಯ ಮೇಲಿನ ಸದ್ದಿನ ಗೆರೆಗಳನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಕೇಳಿದೆ. ನನ್ನ ನೆರಳು ಮೇಜಿನ ಮೇಲೆ ಬಿದ್ದಾಗ ಬೆಚ್ಚಿ ತಿರುಗಿದಳು. ನನ್ನ ಮುಖ ನೋಡಿದ್ದೇ, ನನಗೆ ಗೊತ್ತಾಗಿಹೋಗಿದೆ ಎಂದು ಅವಳಿಗೆ ಅರ್ಥವಾಯಿತು.

ಒಂದು ಬೆಳಿಗ್ಗೆ ಎದ್ದಾಗ ಬಲಗಿವಿ ಸತ್ತಿತ್ತಂತೆ. ಮರಳಿ ಬರುವುದಿಲ್ಲ ಎಂದಿದ್ದರು ಡಾಕ್ಟರು. ಎಡಗಿವಿಯ ಬಗ್ಗೆಯೂ ಭರವಸೆ ಕೊಟ್ಟಿರಲಿಲ್ಲ. ಬಲಗಡೆಯ ತೊರೆಯನ್ನು ಅವಳು ಬರೀ ಅಂದಾಜಿನಲ್ಲಿ ಏರಿಸಿದ್ದಳು. ನನಗಾದರೂ ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರೆ ನೀನು ನನ್ನನ್ನೂ ಹಿಂದಿನ ಸಾಲಲ್ಲಿ ಕೂತು ನೋಡ್ತಿದ್ದೆ ಕಣೇ," ಎಂದಳು. ಮತ್ತೆ ಪರದೆಯತ್ತ ತಿರುಗಿ, "ಚಿತ್ರ ತಡವಾಯ್ತು ಅಂತ ಬರ್ಕೊಡು. ಇದೊಂದು ಪಾಠ ಮುಗಿಸಿ ನಾನೇ ಬಿಟ್ಬಿಡ್ತೀನಿ."

ಅಕ್ಕ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಿತ್ರ ತಡವೆಂದು ಬರೆದರೆ ಪ್ರೊಜೆಕ್ಟರಿನವರ ಮೇಲೆ ಗೂಬೆ ಕೂರುತ್ತದೆ. ನಾಳಿದ್ದಿನಿಂದ ದಿನಕ್ಕೆ ನಾಲ್ಕು ಶಾಲೆಗಳ ಮಕ್ಕಳು ಬಂದು ಬಾವಲಿಯನ್ನು ಕಾಣದೆ ಹೋಗುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಚಿತ್ರ ಎಂಬ ಪದ ಬರೆದೆ, ಆಮೇಲೆ ಹೊಡೆದುಹಾಕಿದೆ. ಕೊನೆಗೆ ಬರೆದೆ: ಬಲಗಡೆಯ ಸದ್ದು ಸ್ವಲ್ಪ ಜೋರಾಗಿದೆ.

ವರದಿಗೆ ಸದ್ದಿನವರ ಸಹಿಯೂ ಬೇಕು. ಕಾಗದವನ್ನು ಅವಳ ಮುಂದಿಟ್ಟೆ. ಅಕ್ಕ ಓದಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು 'ಸ್ವಲ್ಪ' ಎಂಬುದನ್ನು ಹೊಡೆದು 'ತುಂಬಾ' ಎಂದು ತಿದ್ದಿದಳು. ಕೆಳಗೆ ತನ್ನ ದುಂಡು ಅಕ್ಷರದಲ್ಲಿ, ಸರಿಪಡಿಸಲು ಬೇರೆಯವರನ್ನು ನೇಮಿಸಬೇಕು ಎಂದು ಸೇರಿಸಿ ಸಹಿ ಹಾಕಿದಳು.

ಚೀಲ ಹೆಗಲಿಗೇರಿಸಿಕೊಂಡು ಕಾರಿಡಾರಿನುದ್ದಕ್ಕೂ ನಡೆದುಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಕರೆಯಲಿಲ್ಲ. ಕರೆದು, ಅವಳು ತಿರುಗದಿದ್ದರೆ ಎಂಬ ಭಯ.