ಕೆಳಗಿನ ಗೆರೆ

ಸೇತುವೆಯ ತುದಿಯ ತಗಡಿನ ಕೋಣೆಯಲ್ಲಿ ಅವನ ಕೆಲಸ. ಅರ್ಧ ಗಂಟೆಗೊಮ್ಮೆ ಅಳತೆ ಕಂಬ ನೋಡಿ ಬರೆದಿಡಬೇಕು. ಹೊಳೆ ಏರಿ ಕೆಂಪು ಗೆರೆ ಮುಟ್ಟಿದರೆ ಸೈರನ್ ಒತ್ತಬೇಕು. ಕೂಗಳತೆಯಲ್ಲೇ, ದಡದ ಮೇಲೆ, ಅವನ ಅಕ್ಕ ಮೇಸ್ತ್ರಿಯಾಗಿದ್ದ ಲಾಂಡ್ರಿ. ಆಸ್ಪತ್ರೆಯ, ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಬಿಳಿಯಾಗುತ್ತಿದ್ದದ್ದು ಅಲ್ಲಿ. ಅದಕ್ಕೆ ನೀರೆಳೆಯುವ ಪೈಪಿನ ಬಾಯಿಗೆ ಹೊಳೆಯ ನಡುವೆ ಕಬ್ಬಿಣದ ಜಾಲರಿಯೊಂದಿತ್ತು, ಸದಾ ನೀರಡಿಯಲ್ಲೇ. ಅದಕ್ಕೆ ಕಸ ಕಟ್ಟಿಕೊಂಡರೆ ಹೊಳೆ ಇಳಿಯುವುದನ್ನೇ ಕಾಯಬೇಕು. ಇಳಿದ ಕೂಡಲೇ ತಮ್ಮ ಫೋನ್ ಮಾಡಬೇಕು. ಇದು ಅಕ್ಕ ತಮ್ಮನ ಹಳೆಯ ಒಪ್ಪಂದ. ಇಲಾಖೆಯ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಮಧ್ಯಾಹ್ನ ಇಲ್ಲಿ ಸುಡುಬಿಸಿಲು. ದೂರದ ಬೆಟ್ಟಗಳ ಮೇಲೆ ಮಾತ್ರ ಮಸಿಬಟ್ಟೆ ಹೊದಿಸಿದ ಹಾಗೆ ಮೋಡ. ಗುಡುಗು ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಮೂರು ಗಂಟೆಗೆ ನೋಡಿದರೆ ನೀರು ಎರಡು ಮೊಳ ಇಳಿದಿದೆ!

"ಅಕ್ಕಾ, ಜಾಲರಿ ತಲೆ ಎತ್ತಿದೆ. ಬೇಗ ಬಾ."

"ಹೊಳೆಗೂ ರಜಾನಾ ಇವತ್ತು? ನಿನ್ನ ಮುಖ ನೋಡಿ ಬೇಜಾರಾಗಿರ್ಬೇಕು ಅದಕ್ಕೆ."

"ನಿನ್ನ ಬಾಯಿಗೆ ಹೆದರಿ ಓಡಿಹೋಗಿದೆ ಕಣೇ."

ಅಕ್ಕ ಇಬ್ಬರು ಹೆಂಗಸರನ್ನು ಕರೆದುಕೊಂಡು, ಪಾನಾ, ಬ್ರಶ್ಶು ಹಿಡಿದು ಮೆಟ್ಟಿಲಿಳಿದಳು. ಸೀರೆ ಎತ್ತಿ ಕಟ್ಟಿ, ಜಾಲರಿಯ ಬೋಲ್ಟು ಬಿಚ್ಚಿ ತೊಳೆಯತೊಡಗಿದಳು.

ಸಣ್ಣವರಿದ್ದಾಗ ಅಮ್ಮ ದೀಪದ ಮುಂದೆ ಪದ್ಯ ಓದುತ್ತಿದ್ದಳು. ಒಂದು ಸಾಲು ಜಾರಿಹೋದರೂ ಸಾಕು, ಮೂಲೆಯಲ್ಲಿ ತೂಕಡಿಸುತ್ತಿದ್ದ ಮಕ್ಕಳಿಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದರು. ಈಗಲೂ ಅವನು ಹಾಗೆಯೇ ತಲೆ ಎತ್ತಿದ. ಹೊಳೆಯ ಸದ್ದು ನಿಂತಿತ್ತು. ಕಲ್ಲುಗಳ ನಡುವಿನ ಕೆಸರಲ್ಲಿ ಮೀನು ಬಡಿದುಕೊಳ್ಳುತ್ತಿದ್ದವು. ಬೆಟ್ಟದಲ್ಲಿ ಅಷ್ಟು ಮಳೆ. ಆ ನೀರೆಲ್ಲ ಎಲ್ಲಿ? ಮೇಲೆಲ್ಲೋ ಗುಡ್ಡ ಜರಿದು ಹೊಳೆಗೆ ಅಡ್ಡ ಬಿದ್ದಿದೆ. ಅದು ಒಡೆದರೆ?

ಕೈ ಸೈರನ್ನಿಗೆ ಹೋಯಿತು. ಅಲ್ಲೇ ನಿಂತಿತು.

ಹೋದ ತಿಂಗಳು ಬರೀ ಮೋಡ ನೋಡಿ ಒತ್ತಿದ್ದ. ಲಾಂಡ್ರಿಯವರು ಒದ್ದೆ ಬಟ್ಟೆ ಬಿಟ್ಟು ಗುಡ್ಡ ಹತ್ತಿದರು. ಒಂದು ಹನಿಯೂ ಬೀಳಲಿಲ್ಲ. ಗೆರೆ ಮುಟ್ಟದೆ ಒತ್ತಕೂಡದೆಂದು ಆಫೀಸಿನಿಂದ ಕಾಗದ ಬಂತು. ಊರವರು ಅವನಿಗೆ ಬೊಬ್ಬೆರಾಯ ಎಂದು ಹೆಸರಿಟ್ಟರು. ಏರಿದರೆ ಏನು ಮಾಡಬೇಕೆಂದು ಕಾಗದದಲ್ಲಿತ್ತು. ಇಳಿದರೆ ಏನೆಂದು ಇರಲಿಲ್ಲ.

ದೇವರೇ, ಎಂದುಕೊಂಡ. ಅಮ್ಮನ ಪದ್ಯವೊಂದು ಮುಗಿಯುವಷ್ಟು ಹೊತ್ತು ಕಳೆಯಿತು. ಆಮೇಲೆ ಒತ್ತಿದ.

"ಬೊಬ್ಬೆರಾಯಾ!" ಸೈರನ್ನಿನ ಸದ್ದು ಪೂರ್ತಿ ಏರುವ ಮೊದಲೇ ಅಕ್ಕ ಸೊಂಟಕ್ಕೆ ಕೈಯಿಟ್ಟು ನಗುತ್ತ ಕೂಗಿದಳು. "ನೀನೇ ಕರ್ದು ನೀನೇ ಓಡಿಸ್ತೀಯೇನೋ?"

ಅವನು ಕಂಬಿಗೆ ಬಾಗಿ, ಎರಡೂ ಕೈ ಬೀಸಿ ಅರಚಿದ. "ಮೇಲೆ ನೀರು ಕಟ್ಟಿದೆ! ಬಿಟ್ಟು ಬಾರೇ!" ಅವನ ದನಿ ಅವನದೇ ಸೈರನ್ನಿನಲ್ಲಿ ಮುಳುಗಿತು. ಆದರೂ ಅವನ ಮುಖ ಕಂಡು ಅಕ್ಕ ನಗು ನಿಲ್ಲಿಸಿದಳು. ಹೆಂಗಸರಿಬ್ಬರನ್ನೂ ಬೆನ್ನಿಗೆ ಕೈಕೊಟ್ಟು ಮೆಟ್ಟಿಲಿಗೆ ದೂಡಿದಳು. ತಾನು ಜಾಲರಿಯತ್ತ ತಿರುಗಿದಳು. ಬಿಗಿಯದೆ ಬಿಟ್ಟರೆ ಜಾಲರಿ ಕೊಚ್ಚಿಹೋಗುತ್ತದೆ, ಲಾಂಡ್ರಿ ನಿಲ್ಲುತ್ತದೆ. ತಮ್ಮನತ್ತ ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಬೋಲ್ಟು.

ಮೊದಲು ಬಂದದ್ದು ಮಣ್ಣಿನ ವಾಸನೆಯ ತಣ್ಣನೆಯ ಗಾಳಿ. ಹಿಂದೆಯೇ ಮರದ ದಿಮ್ಮಿ, ಬಂಡೆ, ಕೆಸರು, ಎಲ್ಲ ಒಂದೇ ಗೋಡೆಯಾಗಿ. ಅಳತೆ ಕಂಬದ ಅಷ್ಟೂ ಗುರುತು ಒಂದೇ ಏಟಿಗೆ ಮುಳುಗಿದವು. ಬಿಸಿಲು ಮಾತ್ರ ಹಾಗೆಯೇ ಇತ್ತು.

ಅಕ್ಕ ಮೂರನೆಯ ದಿನ ಸಿಕ್ಕಳು.

ತಿಂಗಳಾದ ಮೇಲೆ ತಪಾಸಣೆಗೆ ಬಂದ ಸಾಹೇಬರು ಕಂಬ ನೋಡಿ ಹುಬ್ಬು ಗಂಟಿಕ್ಕಿದರು. ಬುಡದ ಹತ್ತಿರ ಇನ್ನೊಂದು ಕೆಂಪು ಗೆರೆ, ಕೈಯಲ್ಲಿ ಎಳೆದದ್ದು.

"ಇದ್ಯಾಕಯ್ಯಾ ಇಲ್ಲಿ? ನೀರು ಇಳಿದ್ರೆ ಯಾರಿಗೇನು ತೊಂದರೆ?"

"ಇಳಿದಿದೆ ಬಾ ಅಂತ ನಾನೇ ಫೋನ್ ಮಾಡಿದ್ದು, ಸಾರ್."