ದಕ್ಕೆಯ ಹಲಗೆಯ ಹೊಗೆ

ವಿಯೆನೊ ಬೆಳಗಿನಿಂದ ನಾಲ್ಕನೇ ಸಲ ಹಿಂಬಾಗಿಲಿಗೆ ಬಂದು ನಿಂತಳು. ಅಂಗಳದಲ್ಲಿ ಮೀನಿಗೆ ಹೊಗೆ ಕೊಡುವ ವಿದ್ಯುತ್ ಪೆಟ್ಟಿಗೆ ಇನ್ನೂ ತಣ್ಣಗಿತ್ತು. ಅಡುಗೆಮನೆಯಲ್ಲಿ ಹದಿನೆಂಟು ಬಿಳಿಮೀನು ಉಪ್ಪುನೀರಿನಲ್ಲಿ ನೆನೆಯುತ್ತಿದ್ದವು. ನಾಳೆ ಮೊಮ್ಮಗಳ ದೀಕ್ಷಾಸ್ನಾನ. ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು, ಹೊಗೆಮೀನು. ಅಮೆರಿಕದ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ, ಫಿನ್‌ಲ್ಯಾಂಡಿನಿಂದ ಬಂದು ನೆಲೆಸಿದ ಫಿನ್ನರ ಮನೆಯವರು ಮೀನಿಲ್ಲದೆ ಯಾರನ್ನೂ ಕರೆಯುವುದಿಲ್ಲ.

ಹೊಗೆಗೆಂದು ಪೆಟ್ಟಿಗೆಯ ತಟ್ಟೆಗೆ ಹಾಕುವ ಅಂಗಡಿಯ ಮರದ ಬಿಲ್ಲೆಗಳು ಹೋದ ವಾರ ಮುಗಿದಿದ್ದವು. ಅಂಗಡಿ ನಲವತ್ತು ಮೈಲಿ ದೂರ. ಬೆವರುಸ್ನಾನದ ಸೌನಾ ಒಲೆಗೆಂದು ಪೇರಿಸಿದ ಕಟ್ಟಿಗೆ ಗುಡ್ಡದಷ್ಟಿರುವಾಗ ಮರವನ್ನು ಕೊಂಡು ತರುವವನು ಫಿನ್ನನೇ ಅಲ್ಲ ಎಂದು ಗಂಡ ರೂಡಿ ನಕ್ಕಿದ್ದ. ಯಂತ್ರದ ಗರಗಸ ಹಿಡಿದು ಬೆಂಕಿಪೊಟ್ಟಣದಷ್ಟು ತುಂಡುಗಳನ್ನು ಕತ್ತರಿಸಿ ಬಕೆಟ್ ತುಂಬಿಸಿದ್ದ.

ಗುರುವಾರ ಪರೀಕ್ಷೆಗೆಂದು ನಾಲ್ಕು ಮೀನು ಹೊಗೆಗಿಟ್ಟರು. ಬಣ್ಣವೇನೋ ಜೇನಿನಂತೆ ಬಂತು. ವಿಯೆನೊ ಒಂದು ಚೂರು ಬಾಯಿಗಿಟ್ಟಳು, ನಾಲಿಗೆ ಕಹಿಯಾಯಿತು. ರೂಡಿ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಚೆನ್ನಾಗಿದೆ ಎಂದುಬಿಟ್ಟಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಮಾತು ಯೋಚನೆಗಿಂತ ಮೊದಲೇ ಬಾಯಿಗೆ ಬರುತ್ತಿತ್ತು. ಅವತ್ತೇ ಸಂಜೆ ಅವನು ಎರಡು ಮೀನು ಸುತ್ತಿಕೊಂಡು ಹೋಗಿ ಬಾಣಂತಿ ಮಗಳು ಕಾರಿನ್‌ಗೆ ಕೊಟ್ಟು ಬಂದ. ಆಗಿನಿಂದ ವಿಯೆನೊಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು.

ಪಕ್ಕದ ಮನೆಯ ಮಾರ್ಲಿಸ್ ಬ್ರೆಡ್ಡಿನ ತಟ್ಟೆ ಹಿಂದಿರುಗಿಸಲು ಬಂದಳು. ಆಹಾರ ಕೆಡದಂತೆ ಇಡುವುದು ಹೇಗೆಂದು ಊರಿನ ಹೆಂಗಸರಿಗೆ ಹೇಳಿಕೊಡುವವಳು ಅವಳೇ. ಬಕೆಟ್ಟಿನ ಬಳಿ ನಿಂತು ಒಂದು ತುಂಡನ್ನು ಎತ್ತಿ ತಿರುಗಿಸಿದಳು. ಅಂಚಿನಲ್ಲಿ ತೆಳು ಹಸಿರು ಛಾಯೆ, ಒಂದು ಮೊಳೆಯ ತೂತು.

"ರೂಡಿ, ಇದು ಯಾವ ಮರ?"

"ಮೇಪಲ್ಲು. ಜೊತೆಗೆ ದೋಣಿ ಕಟ್ಟೋ ನಮ್ಮ ದಕ್ಕೆಯ ನಾಲ್ಕು ಹಲಗೆ. ಹೋದ ಚಳಿಗಾಲದ ಮಂಜುಗಡ್ಡೆ ಕಿತ್ತು ಹಾಕ್ತಲ್ಲ, ಅದು. ಚೆನ್ನಾಗಿ ಒಣಗಿದೆ."

ಎಂಬತ್ತೆಂಟನೇ ಇಸವಿಯಲ್ಲಿ ಕಟ್ಟಿದ್ದಲ್ಲವೇ ಎಂದು ಮಾರ್ಲಿಸ್ ಕೇಳಿದಳು. ಹೌದೆಂದ. ಆಗಿನ ದಕ್ಕೆಯ ಮರ ನೀರಲ್ಲಿ ಕೊಳೆಯದಿರಲೆಂದು ಅದಕ್ಕೆ ಆರ್ಸೆನಿಕ್ ಎಂಬ ಪಾಷಾಣ ಕುಡಿಸುತ್ತಿದ್ದರು, ಸುಟ್ಟರೆ ಅದು ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ ಎಂದಳು. ರೂಡಿ ಒಪ್ಪಲಿಲ್ಲ. ಅವನಪ್ಪ ದಡಕ್ಕೆ ತೇಲಿ ಬಂದ ಮರದಲ್ಲೇ ಮೀನಿಗೆ ಹೊಗೆ ಹಾಕಿ ತೊಂಬತ್ತು ವರ್ಷ ಬದುಕಿದ್ದ.

"ಮೂವತ್ತು ವರ್ಷ ಅಲೆ ಬಡಿದಿದೆ ಮಾರಾಯ್ತಿ. ಇದ್ದ ವಿಷವೆಲ್ಲ ತೊಳೆದು ಹೋಗಿರತ್ತೆ."

"ತೊಳೆದು ಹೋಗಿದ್ರೆ ಹಲಗೆ ಯಾವತ್ತೋ ಕೊಳೀತಿತ್ತು. ಕೊಳೆತಿಲ್ಲ ಅಂದ್ರೆ ವಿಷ ಒಳಗೇ ಇದೆ."

ರೂಡಿ ಬಕೆಟ್ಟಿಗೆ ಬಾಗಿದ. ಹಸಿರು ತುಂಡುಗಳನ್ನು ಆರಿಸಿ ಎಸೆದರಾಯಿತಲ್ಲ ಎಂದು ಗೊಣಗಿದ. ಹಳೆಯ ಹಲಗೆ ಬೂದಿಬಣ್ಣಕ್ಕೆ ತಿರುಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ ಎಂದಳು ಮಾರ್ಲಿಸ್.

"ನಂಗೆ ಗುರುವಾರವೇ ಕಹಿ ಅನ್ನಿಸ್ತು," ಎಂದಳು ವಿಯೆನೊ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ರೂಡಿ ಅವಳತ್ತ ತಿರುಗಿದ. "ಚೆನ್ನಾಗಿದೆ ಅಂದೆಯಲ್ಲೇ?"

"ಅಂದೆ. ಸುಳ್ಳು ಹೇಳಿದೆ."

ಕಹಿ ಬಂದದ್ದು ತೊಗಟೆಯಿಂದಲೋ ಗರಗಸದ ಎಣ್ಣೆಯಿಂದಲೋ ಇರಬಹುದು, ಈ ಪಾಷಾಣಕ್ಕೆ ರುಚಿಯೇ ಇಲ್ಲ, ನಾಲಿಗೆಯನ್ನು ನಂಬಿ ಕೂರುವ ಹಾಗಿಲ್ಲ ಎಂದು ಮಾರ್ಲಿಸ್ ಹೇಳುತ್ತಿದ್ದಳು. ವಿಯೆನೊ ಆಗಲೇ ಮಗಳಿಗೆ ಫೋನು ಮಾಡಿದ್ದಳು. ಆರು ಸಲ ರಿಂಗಾಯಿತು. ಅಷ್ಟರಲ್ಲಿ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದಳು.

ಕಾರಿನ್ ಎರಡು ತುತ್ತು ತಿಂದಿದ್ದಳಂತೆ. "ಏನೋ ಒಗರು ಅನ್ನಿಸ್ತಮ್ಮ, ಬಿಟ್ಟೆ. ಅಪ್ಪಂಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ."

ವಿಯೆನೊ ಗೋಡೆಗೆ ಒರಗಿದಳು. ಮಗಳಿಗೂ ಅದೇ ಕಲಿಸಿದ್ದೆನಲ್ಲ ಎನ್ನಿಸಿತು. ವಿಷದ ಬಗ್ಗೆ ಸಲಹೆ ಕೊಡುವ ಫೋನಿಗೆ ಕರೆ ಮಾಡಿದರು. ಅಷ್ಟು ಕಡಿಮೆ ತಿಂದಿದ್ದರೆ ಗಾಬರಿ ಬೇಡ, ಹಾಲೂಡಿಸಬಹುದು, ಉಳಿದದ್ದನ್ನು ಬಿಸಾಡಿ, ವಾಂತಿ ಹೊಟ್ಟೆನೋವು ಬಂದರೆ ತಕ್ಷಣ ವೈದ್ಯರ ಬಳಿ ಹೋಗಿ ಎಂದಳು ಆ ಕಡೆಯ ದಾದಿ. ಕಾರಿನ್‌ಗೆ ಏನೂ ಆಗಲಿಲ್ಲ.

ರೂಡಿ ಬಕೆಟ್ಟನ್ನೂ ಮನೆಯಲ್ಲಿ ಉಳಿದಿದ್ದ ಹೊಗೆಮೀನನ್ನೂ ಚೀಲಕ್ಕೆ ಸುರಿದ. ಸೌನಾ ಕಟ್ಟಿಗೆಯಿಂದಲೂ ದಕ್ಕೆಯ ಹಲಗೆಗಳನ್ನು ಎಳೆದು, ಊರಿನ ಕಸದ ಕೇಂದ್ರಕ್ಕೆ ಒಯ್ಯಲು ಗಾಡಿಗೆ ಹೇರಿದ. ತಮ್ಮ ಪೆಟ್ಟಿಗೆಗೂ ಆ ಹೊಗೆ ಹಿಡಿದಿದ್ದರಿಂದ, ಆಮೇಲೆ ಹದಿನೆಂಟು ಮೀನುಗಳ ಪಾತ್ರೆ ಹೊತ್ತು ಮಾರ್ಲಿಸಳ ಅಂಗಳಕ್ಕೆ ಹೋದ. ಅಲ್ಲಿ ಅವಳ ಪೆಟ್ಟಿಗೆಗೆಂದು ಒಂದು ವರ್ಷ ಒಣಗಿದ ಮೇಪಲ್ಲಿನ ತೊಗಟೆ ಸುಲಿದು, ಕೈಗರಗಸದಲ್ಲೇ ತುಂಡು ಮಾಡಿದ.

ಮೊದಲ ಮೀನು ಹೊರಬಂದಾಗ ಒಂದು ಚೂರು ಮುರಿದು ಹೆಂಡತಿಗೆ ಕೊಟ್ಟ. "ಈಗ ನಿಜ ಹೇಳು."

"ಉಪ್ಪು ಜಾಸ್ತಿ," ಎಂದಳು ವಿಯೆನೊ.

ಓದುವ ಅಕ್ಕತಂಗಿಯರೇ, ಹೊಗೆಪೆಟ್ಟಿಗೆಗೆ ಮನೆಯ ಮರವನ್ನೇ ಹಾಕಿ, ಅದರಲ್ಲಿ ತಪ್ಪಿಲ್ಲ. ಆದರೆ ಅದು ನಿಮಗೆ ಗೊತ್ತಿರುವ ಗಟ್ಟಿಮರವಾಗಿರಲಿ. ಬಣ್ಣ, ಅಂಟು, ಮೊಳೆ, ಬೂಷ್ಟು ಇಲ್ಲದ್ದು, ಚೆನ್ನಾಗಿ ಒಣಗಿದ್ದು, ನಿಮ್ಮ ಪೆಟ್ಟಿಗೆಯ ತಟ್ಟೆಗೆ ಹೊಂದುವ ಅಳತೆಯದ್ದು. ರಾಳ ಸುರಿಯುವ ಪೈನ್ ಬೇಡ. ಪೆಟ್ಟಿಗೆ ಸದಾ ಬಯಲಿನಲ್ಲಿರಲಿ. ಎಲ್ಲಿಂದ ಬಂತೆಂದು ತಿಳಿಯದ ಹಲಗೆಯನ್ನು ಅಡುಗೆಗೂ ಒಲೆಗೂ ತರಬೇಡಿ. ಮತ್ತೆ, ಮನಸ್ಸಿಗೆ ಅನುಮಾನ ಬಂದ ದಿನವೇ ಬಾಯಿಬಿಟ್ಟು ಹೇಳಿ. ಬೇಜಾರು ಒಂದು ದಿನದ್ದು.